ಬುನಾಕೆನ್‌ನ ಹವಳದ ಗೋಡೆಯಲ್ಲಿ ಡೈವಿಂಗ್: ನನಗೆ ಹೇಗನ್ನಿಸಿತು

ನೇತ್ರಾಣಿಯಲ್ಲಿ ಡೈವಿಂಗ್ ಕಲಿತ ನನಗೆ ಕೆಳಗೆ ಬಂಡೆಯೋ ಮರಳೋ ಕಾಣುವುದು ರೂಢಿ. ಇಂಡೋನೇಷ್ಯಾದ ಮನಾಡೊ ಊರಿನೆದುರಿನ ಬುನಾಕೆನ್ ದ್ವೀಪದಲ್ಲಿ ಅದಿಲ್ಲ. ಸೊಂಟದುದ್ದ ನೀರಿನಲ್ಲಿ ಹರಡಿದ ಹವಳದ ಹಾಸು ಥಟ್ಟನೆ ಮುಗಿದು, ಅಲ್ಲಿಂದ ನೇರ ಕೆಳಕ್ಕೆ ಗೋಡೆ. ಅದರಾಚೆ ಕಡುನೀಲಿ ಬಿಟ್ಟರೆ ಏನೂ ಇಲ್ಲ. ಡೈನೋಸಾರ್‌ಗಳ ಕಾಲಕ್ಕೇ ಅಳಿಯಿತೆಂದು ಒಮ್ಮೆ ನಂಬಿದ್ದ ಸೀಲಕಾಂತ್ ಮೀನು 1998ರಲ್ಲಿ ಬಲೆಗೆ ಬಿದ್ದದ್ದು ಪಕ್ಕದ ಮನಾಡೊ ತುವಾ ದ್ವೀಪದ ಬಳಿಯೇ.

ನಾವು ಹೋದ ಡೈವ್ ಸೆಂಟರ್‌ನಲ್ಲಿ ನನಗೆ ತುಂಬ ಹಿಡಿಸಿದ್ದು ಗೈಡ್. ದ್ವೀಪದವರೇ, ಮಾತು ಕಡಿಮೆ. ಲೆಕುವಾನ್ ಎಂಬ ಡೈವ್ ತಾಣದಲ್ಲಿ ದೋಣಿಯಿಂದ ಹಾರುವ ಮೊದಲೇ ಕಟ್ಟುನಿಟ್ಟಾಗಿ ಹೇಳಿದರು: ಗೋಡೆ ಎಡಗೈ ಪಕ್ಕದಲ್ಲಿರಲಿ, 25 ಮೀಟರ್‌ಗಿಂತ ಕೆಳಗೆ ಯಾರೂ ಇಳಿಯಕೂಡದು. ಇದು ಬರೀ ಶಿಸ್ತಿನ ಮಾತಲ್ಲ. ನೀರು ಅಷ್ಟು ತಿಳಿಯಾಗಿರುವಾಗ ಎಷ್ಟು ಆಳದಲ್ಲಿದ್ದೇವೆ ಅನ್ನುವುದು ಗೊತ್ತೇ ಆಗುವುದಿಲ್ಲ, ತಡೆಯಲು ನೆಲವೂ ಇಲ್ಲ. 30 ಮೀಟರ್‌ನಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು, ಸಿಲಿಂಡರ್ ಗಾಳಿಯೂ ಅಷ್ಟೇ ಬೇಗ ಖಾಲಿ. ನಮ್ಮ ಗುಂಪಿನ ಒಬ್ಬರು ಆಮೆಯ ಹಿಂದೆ ಕೆಳಗಿಳಿಯತೊಡಗಿದಾಗ ಗೈಡ್ ಅವರ ಕಾಲಿನ ಫಿನ್ ಹಿಡಿದು ಮೇಲಕ್ಕೆ ಎಳೆದರು.

ಅದೂ ಅಲ್ಲದೆ, ನೋಡುವಂಥದ್ದೆಲ್ಲ ಮೇಲಿನ ಅರ್ಧದಲ್ಲೇ ಇದೆ. ಬೀಸಣಿಗೆ ಹವಳವೊಂದರ ಮೇಲೆ ಗೈಡ್ ಟಾರ್ಚ್ ಬಿಟ್ಟರು. ಬೂದಿಯಂತೆ ಕಂಡಿದ್ದ ಕೊಂಬೆಗಳು ಗುಲಾಬಿಯಾದವು. ಅದರಲ್ಲೊಂದು ಗಂಟು ಮೆಲ್ಲಗೆ ತಲೆ ತಿರುಗಿಸಿತು: ಪಿಗ್ಮಿ ಕಡಲಕುದುರೆ! ಎರಡು ಸೆಂಟಿಮೀಟರ್ ಕೂಡ ಇರಲಿಕ್ಕಿಲ್ಲ. ಮೈಮೇಲಿನ ಗುಳ್ಳೆಗಳು ಥೇಟ್ ಹವಳದ ಮೊಗ್ಗುಗಳೇ. ಕಣ್ಣಿಗೆ ತೊಂದರೆಯಾಗದಿರಲೆಂದು ಗೈಡ್ ಬೇಗನೆ ಟಾರ್ಚ್ ಆರಿಸಿದರು. ಆ ಒಂದು ನಡವಳಿಕೆಗೇ ನಾನು ಈ ಸೆಂಟರ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಇನ್ನೊಂದು ಸುಖ ಸೇಫ್ಟಿ ಸ್ಟಾಪ್, ಅಂದರೆ ನೀರಿನಿಂದ ಮೇಲೆ ಬರುವ ಮುನ್ನ ಸುರಕ್ಷತೆಗಾಗಿ ನಿಲ್ಲುವುದು. ಬೇರೆ ಕಡೆ 5 ಮೀಟರ್‌ನಲ್ಲಿ ಮೂರು ನಿಮಿಷ ಹಗ್ಗ ಹಿಡಿದು ನೇತಾಡಬೇಕು. ಇಲ್ಲಿ ಆ ಆಳದಲ್ಲೂ ಗೋಡೆಯ ಮೇಲ್ಭಾಗ ಪಕ್ಕದಲ್ಲೇ ಇರುತ್ತದೆ. ಬಿಸಿಲು ಬಿದ್ದ ಹವಳದ ನಡುವೆ ಚಿಟ್ಟೆಮೀನು, ಕ್ಲೌನ್‌ಫಿಶ್ ನೋಡುತ್ತ ಗಾಳಿ ಇರುವಷ್ಟೂ ಹೊತ್ತು ಅಲ್ಲೇ ಇದ್ದೆವು.

ಕೊರತೆಗಳೂ ಇವೆ. ಬಾಡಿಗೆಗೆ ಕೊಟ್ಟ ರೆಗ್ಯುಲೇಟರ್‌ನ (ಸಿಲಿಂಡರ್ ಗಾಳಿ ಉಸಿರಾಡುವ ಸಾಧನ) ಮೌತ್‌ಪೀಸ್ ಹರಿದಿತ್ತು. ಹೇಳಿದ ಮೇಲೆ ಬದಲಿಸಿದರು. ಒಬ್ಬ ಗೈಡ್‌ಗೆ ಆರು ಜನ ಈ ಗೋಡೆಗೆ ಜಾಸ್ತಿ, ನಾಲ್ಕೇ ಇರಲಿ ಎಂದು ಬುಕಿಂಗ್‌ನಲ್ಲೇ ಕೇಳಿ. ಮಳೆ ಬಂದ ಮರುದಿನ ಊರಿನ ಕಡೆಯಿಂದ ಪ್ಲಾಸ್ಟಿಕ್ ತೇಲಿ ಬರುತ್ತದೆ. 1991ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಜಾಗದಲ್ಲಿ ಹವಳಕ್ಕೆ ಸಿಕ್ಕಿಕೊಂಡ ಚೀಲ ನೋಡಿ ಹೊಟ್ಟೆ ಉರಿಯಿತು.

ಹೋಗುವವರು ಡಿಸೆಂಬರ್, ಜನವರಿಯ ಮಳೆ ಬಿಟ್ಟು ಹೋಗಿ. ಬಾಯನ್ಸಿ, ಅಂದರೆ ಮುಳುಗದೆ ಮೇಲೇಳದೆ ಒಂದೇ ಆಳದಲ್ಲಿ ತೇಲುವ ಹಿಡಿತ, ಕೈಗೆ ಬರದವರು ಮೊದಲು ನೆಲವಿರುವ ಕಡೆ ಅಭ್ಯಾಸ ಮಾಡಿಕೊಳ್ಳಿ. ಸಸ್ಯಾಹಾರಿಗಳಿಗೆ ಅನ್ನ, ತೆಂಪೆ (ಹುದುಗಿಸಿದ ಸೋಯಾ), ಕಾಂಗ್‌ಕುಂಗ್ ಸೊಪ್ಪಿನ ಪಲ್ಯ ಸಿಗುತ್ತದೆ. ಸತತ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು, ಟಿಕೆಟ್ ಅದಕ್ಕೆ ತಕ್ಕಂತೆ ಮಾಡಿಸಿ.