ನನ್ನ ನರೆಯನ್ನೂ ಮರಳಿ ಕೊಟ್ಟ ವಿಗ್

ಕ್ಯಾನ್ಸರಿಗೆ ಮೊದಲ ಕೀಮೋ ಆಗಿ 17ನೆಯ ದಿನ ಬಾಚಣಿಗೆ ಹಾಕಿದ ಕಡೆಯೆಲ್ಲ ಕೂದಲು ಕಿತ್ತು ಬಂತು. ನಾನಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರಿಗೆ ವಿಗ್ ಕೂಡ ಅಲ್ಲಿಯೇ ಸಿಗುತ್ತದೆ ಎಂದು ನನಗೆ ತಿಳಿದದ್ದು ಅದಾದ ಮೇಲೆ, ಅದೂ ಪಕ್ಕದ ಹಾಸಿಗೆಯಾಕೆಯ ಬಾಯಿಂದ. ನನ್ನ ದೊಡ್ಡ ದೂರು ಇದೇ. ನನಗೆ ಕೊಟ್ಟದ್ದು ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿ. ಅದು ಕೂದಲು ಉದುರಿಸುತ್ತದೆ, ಎರಡು ಮೂರು ವಾರದಲ್ಲೇ ಶುರುವಾಗುತ್ತದೆ ಎಂಬುದು ವೈದ್ಯರಿಗೆಲ್ಲ ಗೊತ್ತು. ವಿಗ್‌ಗೆ ಚೀಟಿಯನ್ನು ಮೊದಲ ದಿನವೇ ಬರೆದುಕೊಡಬಹುದಿತ್ತು. ತಲೆಯಲ್ಲಿ ಕೂದಲಿರುವಾಗಲೇ ಹೋಗಿದ್ದರೆ ಬಣ್ಣ ಯಾವುದು, ಬೈತಲೆ ಎಲ್ಲಿ ಎಂಬುದನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ನಾನು ಮೊಬೈಲಿನಲ್ಲಿದ್ದ ಒಂದು ಮಸುಕು ಫೋಟೊ ತೋರಿಸಬೇಕಾಯಿತು.

ವಿಗ್ ಕೊಡುವ ಕೊಠಡಿಯಲ್ಲಿದ್ದ ಹೆಂಗಸಿನ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಸಾಲದು. ಬಾಗಿಲಿಗೆ ಚಿಲಕ ಹಾಕಿದ ಮೇಲೆಯೇ ತಲೆಗೆ ಸುತ್ತಿದ್ದ ಬಟ್ಟೆ ತೆಗೆಯಲು ಹೇಳಿದರು. ಹಣೆಯಿಂದ ಕಿವಿಯ ಮೇಲೆ ಹಾಯಿಸಿ ಕತ್ತಿನ ಹಿಂಭಾಗ ಬಳಸಿ ಮತ್ತೆ ಹಣೆಯವರೆಗೆ ಟೇಪು ಸುತ್ತಿದರು: 54 ಸೆಂಟಿಮೀಟರ್. ಮೊದಲು ತಂದ ಎರಡೂ ಕಡುಗಪ್ಪು. ನನಗೆ 52 ವರ್ಷ; ಕಿವಿಯ ಮೇಲೆ ನರೆ ಬಂದು ಬಹಳ ಕಾಲವಾಗಿತ್ತು. ಕನ್ನಡಿಯಲ್ಲಿ ಕಂಡವಳು ಯಾರೋ ಬೇರೆ.

“ನನಗೆ ನನ್ನ ನರೆಯೂ ಬೇಕು” ಎಂದೆ.

“ತರಿಸುತ್ತೇನೆ ಅಮ್ಮ, ಒಂದು ವಾರ ಕೊಡಿ” ಎಂದರು.

9 ದಿನಕ್ಕೆ ಬಂತು. ತೊಡಿಸಿ, ಹಿಂದಿನ ಪಟ್ಟಿ ಬಿಗಿಮಾಡಿ, ಹಣೆಯ ಮೇಲಿನ ಕೂದಲನ್ನು ಸಣ್ಣ ಕತ್ತರಿಯಿಂದ ಒಂದೊಂದೇ ಎಳೆಯಾಗಿ ಸವರಿದರು. ಇಪ್ಪತ್ತು ನಿಮಿಷ ಹಿಡಿಯಿತು. ಹೊರಗೆ ಸರದಿ ಬೆಳೆಯುತ್ತಿತ್ತು. ಆಕೆ ಒಮ್ಮೆಯೂ ಬಾಗಿಲ ಕಡೆ ನೋಡಲಿಲ್ಲ.

ವಿಗ್ ಕೃತಕ ಎಳೆಯದು, ಹಗುರ. ತಣ್ಣೀರಿನಲ್ಲಿ ತೊಳೆದು, ಉಜ್ಜದೆ ಒಣಗಲು ಬಿಟ್ಟರೆ ತನ್ನ ಆಕಾರಕ್ಕೆ ತಾನೇ ಮರಳುತ್ತದೆ. ಆದರೆ ಬಿಸಿ ತಾಗಬಾರದು, ಇದನ್ನು ಯಾರೂ ಒತ್ತಿ ಹೇಳಲಿಲ್ಲ. ಕುದಿಯುವ ಪಾತ್ರೆಯ ಮುಚ್ಚಳ ತೆಗೆದೆ. ಮುಂದಿನ ಎಳೆಗಳು ಹಬೆಗೆ ಸುರುಟಿಕೊಂಡವು, ಮತ್ತೆ ನೇರವಾಗಲೇ ಇಲ್ಲ. ಒಳಗಿನ ಹೊಲಿಗೆ ಬೋಳು ನೆತ್ತಿಗೆ ಚುಚ್ಚುತ್ತದೆ. ತೆಳುವಾದ ಹತ್ತಿಯ ಟೋಪಿ ಹಾಕಿ ಅದರ ಮೇಲೆ ತೊಟ್ಟಾಗ ಹಿತವಾಯಿತು. ಆ ಟೋಪಿಯನ್ನೂ ಜೊತೆಗೇ ಕೊಡಬೇಕು.

ಎಂಟು ತಿಂಗಳಿಗೆ ಕತ್ತಿನ ಬಳಿಯ ಎಳೆಗಳು ಕಾಲರಿಗೆ ಉಜ್ಜಿ ಉಜ್ಜಿ ಸಿಕ್ಕುಗಟ್ಟಿವೆ. ದಿನವೂ ತೊಟ್ಟರೆ ಕೃತಕ ಕೂದಲಿನ ಬಾಳಿಕೆ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಕೇಳಿದಾಗ ವರ್ಷಕ್ಕೆ ಒಂದೇ ಎಂದರು. ನನಗಾದರೂ ಕೀಮೋ ಮುಗಿದು ಕೂದಲು ಎರಡು ಸೆಂಟಿಮೀಟರ್ ಬೆಳೆದಿದೆ. ಅಂದು ಸರದಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಕಾಲೇಜು ಹುಡುಗಿಗೆ ಅಲೊಪೇಶಿಯಾ ಏರಿಯೇಟಾ. ದೇಹವೇ ತನ್ನ ಕೂದಲಿನ ಬುಡದ ಮೇಲೆ ಎರಗುವ ಕಾಯಿಲೆ. ಕೂದಲು ಯಾವಾಗ ಬರುತ್ತದೆಂದು ಅವಳಿಗೆ ಯಾರೂ ಹೇಳಲಾರರು. ಅವಳಿಗೂ ವರ್ಷಕ್ಕೆ ಒಂದೇ. ಈ ನಿಯಮ ಬದಲಿಸಿ ಎಂದು ಆಸ್ಪತ್ರೆಗೆ ಅರ್ಜಿ ಬರೆದುಕೊಟ್ಟಿದ್ದೇನೆ. ನನ್ನ ಸಹಿಯ ಕೆಳಗೆ ಅವಳದೂ ಇದೆ.