ಎಂಜಿನ್ ಲೈಟ್ ಆರಿಸಿದರೆ ರಿಪೇರಿ ಆಯ್ತು ಅಂತಲ್ಲ, ಕೋಡ್ ಅಳಿಸೋಕೆ ಬಿಡಬೇಡಿ

ಡ್ಯಾಶ್‌ಬೋರ್ಡಲ್ಲಿ ಹಳದಿ ಎಂಜಿನ್ ಲೈಟ್ ಬಂದಿದೆಯಾ? ಗ್ಯಾರೇಜಿನವರು ಸ್ಕ್ಯಾನರ್ ಹಾಕಿ "ಕ್ಲಿಯರ್ ಮಾಡ್ತೀನಿ ಸರ್" ಅಂದ ತಕ್ಷಣ ಕೈ ಹಿಡಿದು ನಿಲ್ಲಿಸಿ. ಮೊದಲು ಕೋಡ್ (ಏನು ದೋಷ ಕಂಡಿತು ಅಂತ ಕಾರಿನ ಕಂಪ್ಯೂಟರ್ ಇಟ್ಟುಕೊಳ್ಳುವ ಸಂಖ್ಯೆ) ಬರೆದುಕೊಳ್ಳಿ, ಸ್ಕ್ರೀನಿನ ಫೋಟೋ ತೆಗೆದುಕೊಳ್ಳಿ. ಪ್ಲಗ್ಗಿಗೆ ಕಿಡಿ ಕೊಡುವ ಒಂದು ಕಾಯಿಲ್ ಬದಲಾಯಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನನಗೆ ಕೊನೆಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೇ ಹೋಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಮಳೆಗಾಲ ಶುರುವಾದ ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ನಡುಗುತ್ತಿತ್ತು, ಆಮೇಲೆ ಲೈಟ್ ಬಂತು. ಹಾಸನದ ಒಂದು ದೊಡ್ಡ ಗ್ಯಾರೇಜಿಗೆ ಒಯ್ದೆ. ಸ್ಕ್ಯಾನರಿನಲ್ಲಿ ಎರಡು ಕೋಡ್ ಬಂದವು: ಪಿ0301 (ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ) ಮತ್ತು ಪಿ0171 (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ). ಅಲ್ಲಿನ ಹುಡುಗ ಎರಡನೆಯದನ್ನು ಮಾತ್ರ ನೋಡಿ "ಆಕ್ಸಿಜನ್ ಸೆನ್ಸರ್ ಹೋಗಿದೆ" ಅಂದ. ಹೊಸ ಸೆನ್ಸರ್ ಹಾಕಿದರು, ಸಾವಿರಗಟ್ಟಲೆ ಬಿಲ್ ಮಾಡಿದರು, ಕೋಡ್ ಅಳಿಸಿದರು. ಲೈಟ್ ಆರಿತು. "ಆರಾಮಾಗಿ ಧರ್ಮಸ್ಥಳಕ್ಕೆ ಹೋಗಿಬನ್ನಿ" ಅಂತ ಕೀ ಕೊಟ್ಟರು.

ಹೋಗುವಾಗ ಏನೂ ಆಗಲಿಲ್ಲ, ಇಳಿಜಾರು ಅಲ್ವಾ, ಎಂಜಿನ್ನಿಗೆ ಭಾರವೇ ಇರಲಿಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಏರಲು ಶುರು ಮಾಡಿದ ಮೇಲೆ ಎಂಜಿನ್ ಮಿಸ್ಸಿಂಗ್ ಹೊಡೆಯತೊಡಗಿತು. ಪಿಕಪ್ ಇಲ್ಲ, ಸ್ಟೇರಿಂಗ್ ಕೈಯಲ್ಲಿ ಅದುರುತ್ತಿದೆ, ಆ ಲೈಟ್ ಮಿನುಗುತ್ತಿದೆ. ಮಳೆ, ಮಂಜು, ಹಿಂದೆ ಮುಂದೆ ಲಾರಿಗಳು, ಪಕ್ಕಕ್ಕೆ ಹಾಕೋಕೆ ಜಾಗವೇ ಇಲ್ಲದ ತಿರುವುಗಳು, ಹಿಂದಿನ ಸೀಟಲ್ಲಿ ಅಪ್ಪ ಅಮ್ಮ. ಜಾಗ ಸಿಗುವಷ್ಟರಲ್ಲಿ ಸೀಟಿನ ಕೆಳಗಿಂದ ಸುಟ್ಟ ವಾಸನೆ ಬರುತ್ತಿತ್ತು.

ಮಿನುಗುವ ಲೈಟ್ ಬೇರೆ, ಸುಮ್ನೆ ಉರಿಯುವ ಲೈಟ್ ಬೇರೆ. ಇದು ಎಲ್ಲರಿಗೂ ಗೊತ್ತಿರಬೇಕು. ಉರಿಯುತ್ತಲೇ ಇದ್ದರೆ, ಕಾರು ಮಾಮೂಲಿಯಾಗಿ ಓಡುತ್ತಿದ್ದರೆ, ಮೆಲ್ಲಗೆ ಮನೆ ಸೇರಿ ಆಮೇಲೆ ನೋಡಬಹುದು. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುತ್ತಿಲ್ಲ, ಹಸಿಯಾಗಿಯೇ ಹೊರಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಉರಿಯುತ್ತಿದೆ ಅಂತ ಅರ್ಥ. ಅದರೊಳಗೆ ಸಣ್ಣ ಸಣ್ಣ ತೂತುಗಳಿರುವ ಸೆರಾಮಿಕ್ ಇರುತ್ತದೆ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರೋದರಿಂದಲೇ ಅಷ್ಟು ದುಬಾರಿ. ಜಾಸ್ತಿ ಬಿಸಿಯಾದರೆ ಆ ಸೆರಾಮಿಕ್ ಕರಗಿ ತೂತು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಲೈಟ್ ಮಿನುಗಿದರೆ ಕೂಡಲೇ ಆಕ್ಸಿಲರೇಟರ್ ಕಡಿಮೆ ಮಾಡಿ, ಜಾಗ ಸಿಕ್ಕಿದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಕಾರನ್ನು ಟೋ ಮಾಡಿಸಿ ಈ ಸಲ ಗೆಳೆಯನ ಪರಿಚಯದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಹಳೇ ಸ್ಕ್ಯಾನರ್ ಸ್ಕ್ರೀನಿನ ಫೋಟೋ ನನ್ನ ಫೋನಲ್ಲಿ ಇತ್ತು. ಅದನ್ನು ನೋಡಿದ ಕೂಡಲೇ ಅವರು ಹೇಳಿದರು: "ಸೆನ್ಸರ್ ಸರಿಯಾಗೇ ಹೇಳಿತ್ತು ಸರ್, ಓದಿದವರು ತಪ್ಪು ಓದಿದಾರೆ." ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಅಳೆಯೋದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುತ್ತದೆ. ಒಂದನೇ ಸಿಲಿಂಡರ್ ಉರಿಯದೇ ಇದ್ದಾಗ ಅದರ ಗಾಳಿಯೂ ಬಳಕೆಯಾಗದೆ ಹಾಗೇ ಹೊರಬರುತ್ತದೆ. ಸೆನ್ಸರಿಗೆ ಅದು ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಕಾಣುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಇನ್ನೂ ಪೆಟ್ರೋಲ್ ಸುರಿಯುತ್ತದೆ. ಅಂದರೆ ಪಿ0171 ಬಂದಿದ್ದೇ ಪಿ0301ರ ಕಾರಣಕ್ಕೆ. ಕೋಡ್ ಯಾವತ್ತೂ "ಈ ಪಾರ್ಟ್ ಬದಲಾಯಿಸು" ಅಂತ ಹೇಳೋದಿಲ್ಲ, ಕಂಪ್ಯೂಟರಿಗೆ ಏನು ಕಂಡಿತು ಅಂತ ಮಾತ್ರ ಹೇಳುತ್ತದೆ.

ಅವರು ಮಾಡಿದ ಪರೀಕ್ಷೆ ಎಷ್ಟು ಸರಳ ಅಂದರೆ, ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ ಇರುವ ಕಾರಾದರೆ ನೀವೇ ಮನೆಯಲ್ಲಿ ಮಾಡಬಹುದು. ಎಂಜಿನ್ ಆಫ್ ಮಾಡಿ ತಣ್ಣಗಾಗಲು ಬಿಡಿ. ಒಂದನೇ ಸಿಲಿಂಡರಿನ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ, ಮೂರನೆಯದನ್ನು ಒಂದಕ್ಕೆ ಹಾಕಿ. ಕನೆಕ್ಟರಿನ ಲಾಕ್ ಮುರಿಯದ ಹಾಗೆ ಒತ್ತಿ ಎಳೆಯಿರಿ, ಹಳೇ ಪ್ಲಾಸ್ಟಿಕ್ ಬೇಗ ಮುರಿಯುತ್ತೆ. ಆಮೇಲೆ ಕೋಡ್ ಅಳಿಸಿ (ಬರೆದಿಟ್ಟುಕೊಂಡ ಮೇಲೆ!) ಸ್ವಲ್ಪ ಓಡಿಸಿ. ಪಿ0303 (ಮೂರನೇ ಸಿಲಿಂಡರ್ ಉರಿಯುತ್ತಿಲ್ಲ) ಬಂದರೆ ದೋಷ ಕಾಯಿಲ್ ಜೊತೆ ಹೋಯಿತು, ಕಾಯಿಲೇ ಕೆಟ್ಟಿದೆ. ಮತ್ತೆ ಪಿ0301 ಬಂದರೆ ಪ್ಲಗ್ಗನ್ನು ಹಾಗೇ ಅದಲು ಬದಲು ಮಾಡಿ. ಆಗಲೂ ಒಂದರಲ್ಲೇ ನಿಂತರೆ ಇಂಜೆಕ್ಟರ್ ಅಥವಾ ಕಂಪ್ರೆಶನ್ ನೋಡಬೇಕು, ಅದನ್ನು ಮೆಕ್ಯಾನಿಕ್ಕಿಗೆ ಬಿಡಿ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಕಾಯಿಲ್ ಕಿತ್ತು ನೋಡುವ ಹಳೇ ಪದ್ಧತಿ ಇದೆಯಲ್ಲ, ಅದು ಬೇಡ. ಶಾಕ್ ಹೊಡೆಯುತ್ತೆ, ಕನ್ವರ್ಟರಿಗೂ ಹಸಿ ಪೆಟ್ರೋಲ್ ಹೋಗುತ್ತೆ. ಕಾರು ವಾರಂಟಿಯಲ್ಲಿದ್ದರೆ ಏನನ್ನೂ ಬಿಚ್ಚಬೇಡಿ, ಕೋಡ್ ಮಾತ್ರ ಓದಿಟ್ಟುಕೊಳ್ಳಿ.

ನನ್ನ ಕಾರಲ್ಲಿ ಪಿ0303 ಬಂತು. ಬಿಚ್ಚಿದ ಕಾಯಿಲಿನ ಕೆಳಗಿನ ರಬ್ಬರನ್ನು ಬೆಳಕಿಗೆ ಹಿಡಿದು ತೋರಿಸಿದರು. ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ, ತುದಿಯಲ್ಲಿ ಒಂದು ಬಿರುಕು. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ಗೆರೆ ಹಿಡಿದು ಪಕ್ಕದ ಲೋಹಕ್ಕೆ ಹಾರುತ್ತಿತ್ತು. ಮಳೆಗಾಲದ ತೇವದಲ್ಲಿ, ಭಾರ ಎಳೆಯುವಾಗ ಜಾಸ್ತಿ. ಹೊಸ ಕಾಯಿಲ್ ಹಾಕಿದ ಮೇಲೆ ನಡುಕ ಪೂರ್ತಿ ಹೋಯಿತು. ಆದರೆ ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ) ಬಂದು ಕೂತಿತು, ಪಿಕಪ್ ಪೂರ್ತಿ ವಾಪಸ್ ಬರಲಿಲ್ಲ. ಬಿಚ್ಚಿ ನೋಡಿದರೆ ಕನ್ವರ್ಟರ್ ಒಳಗೆ ಒಂದು ಕಡೆ ಪೂರ್ತಿ ಕರಗಿ ಮುದ್ದೆಯಾಗಿತ್ತು.

ಇನ್ನೊಂದು ಸಂಗತಿ ನನಗೆ ತುಂಬಾ ಬೇಜಾರಾಗಿದ್ದು. ಲೈಟ್ ಬಂದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಮೇಲೆ ಲೋಡ್ ಎಷ್ಟಿತ್ತು, ವೇಗ, ಕೂಲೆಂಟಿನ ಬಿಸಿ, ಇಷ್ಟನ್ನೂ ಕಾರು ದಾಖಲೆ ಮಾಡಿ ಇಟ್ಟಿರುತ್ತದೆ. ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಆ ಒಂದು ಪುಟ ಓದಿದ್ದರೆ ಘಾಟಿ ಹತ್ತುವ ಮೊದಲೇ ಸುಳಿವು ಸಿಗುತ್ತಿತ್ತು.

ಈಗ ಒಂದು ಇಎಲ್‌ಎಂ327 ಬ್ಲೂಟೂತ್ ಡಾಂಗಲ್ (ಕೋಡ್ ಓದಿ ಫೋನಿಗೆ ಕಳಿಸುವ ಸಣ್ಣ ಸಾಧನ) ಇಟ್ಟುಕೊಂಡಿದ್ದೇನೆ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿ ಫೋನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿದರೆ ಸಾಕು. ತೀರಾ ಅಗ್ಗದ್ದು ಕೆಲವು ಕಾರಿಗೆ ಕನೆಕ್ಟೇ ಆಗೋದಿಲ್ಲ, ಐಫೋನ್ ಇದ್ದವರು ಅದಕ್ಕೆ ಹೊಂದುತ್ತಾ ಅಂತ ನೋಡಿ ತಗೊಳ್ಳಿ. ಕೆಲಸ ಆದ ಮೇಲೆ ಕಿತ್ತಿಡಿ, ಅಲ್ಲೇ ಬಿಟ್ಟರೆ ಬ್ಯಾಟರಿ ಎಳೆಯುತ್ತೆ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗುವವರು ಇದನ್ನು ಖಂಡಿತ ಒಯ್ಯಿರಿ: ಕೋಡ್ ಇಲ್ಲ, ಆದರೆ ರೆಡಿನೆಸ್ ಪಟ್ಟಿಯಲ್ಲಿ (ಕಾರು ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ತೋರಿಸುವ ಪಟ್ಟಿ) ತುಂಬಾ "ನಾಟ್ ರೆಡಿ" ಇದೆ ಅಂದರೆ, ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಯಾಕೆ ಅಂತ ಕೇಳಿ.

ಮೊದಲ ಗ್ಯಾರೇಜಿಗೆ ಹೋಗಿ ಕೇಳಿದೆ. "ನಾವು ಕೊಟ್ಟಾಗ ಲೈಟ್ ಇರಲಿಲ್ಲವಲ್ಲ ಸರ್" ಅಂದರು. ಹಳೇ ಸೆನ್ಸರ್ ಕೊಡಿ ಅಂದರೆ ಎಸೆದಾಯ್ತು. ಬಿಲ್ಲಿನಲ್ಲಿ ಸೆನ್ಸರ್ ಮತ್ತು ಲೇಬರ್ ಅಂತ ಬಿಟ್ಟರೆ ಯಾವ ಕೋಡಿಗೆ ಅಂತ ಒಂದಕ್ಷರ ಇಲ್ಲ, ಹಾಗಾಗಿ ಆ ಫೋಟೋ ಬಿಟ್ಟರೆ ನನ್ನ ಹತ್ತಿರ ಹಿಡಿದು ಕೇಳೋಕೆ ಏನೂ ಉಳಿಯಲಿಲ್ಲ. ನೀವು ಕಾರು ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಕೋಡ್ ಬರೆಸಿ, ಬಿಚ್ಚಿದ ಪಾರ್ಟ್ ವಾಪಸ್ ಬೇಕು ಅಂತಲೂ ಅಲ್ಲೇ ಬರೆಸಿ.