‘ಮೂನ್‌ಲೈಟ್’ಗೆ ಪೆಡಲ್: ಬರೆದಂತೆಯೋ, ಕಿವಿ ಹೇಳಿದಂತೆಯೋ?

1802ರಲ್ಲಿ ಅಚ್ಚಾದ ‘ಮೂನ್‌ಲೈಟ್’ ಎಂಬ ಈ ಪಿಯಾನೋ ಸೊನಾಟಾದ ಮೊದಲ ಭಾಗವನ್ನು ಪೂರ್ತಿ ‘ಸೆಂಜಾ ಸೊರ್ಡಿನೊ’ ನುಡಿಸಬೇಕೆಂದು ಬೀಥೋವನ್ ಬರೆದಿದ್ದಾನೆ. ಅಂದರೆ ತಂತಿಯ ನಾದ ತಡೆಯುವ ಡ್ಯಾಂಪರ್‌ಗಳು ತಂತಿ ಬಿಟ್ಟು ಎದ್ದೇ ಇರಬೇಕು. (ಇಂದಿನ ಪಿಯಾನೋದಲ್ಲಿ ಇದು ಬಲ ಪೆಡಲ್‌ನ ಕೆಲಸ; ನಾದ ತಗ್ಗಿಸುವ ಎಡ ಪೆಡಲ್‌ನ ಮಾತಲ್ಲ.)

ಅಂದಿನ ವಿಯೆನ್ನಾ ಫೋರ್ಟೆಪಿಯಾನೋದಲ್ಲಿ (ಪಿಯಾನೋದ ಹಳೆಯ ರೂಪ) ಚರ್ಮ ಹೊದಿಸಿದ ಪುಟ್ಟ ಸುತ್ತಿಗೆ, ಬೇಗ ಆರುವ ನಾದ. ಸ್ವರಗಳು ಬೆರೆತರೂ ತೆಳು ಮಬ್ಬು. ಅಂಥ ವಾದ್ಯ ಸಿಕ್ಕರೆ ಬರೆದಂತೆಯೇ ನುಡಿಸಿ. ಇಂದಿನ ಗ್ರ್ಯಾಂಡ್ ಪಿಯಾನೋದಲ್ಲಿ ಹಾಗೆ ಮಾಡಿದರೆ ಮೂರನೇ ಬಾರ್ (ತಾಳದ ಆವರ್ತ) ಹೊತ್ತಿಗೆ ಬಾಸ್‌ನ, ಅಂದರೆ ಕೆಳಗಿನ, ಸಿ ಶಾರ್ಪ್, ಬಿ, ಎ ಸ್ವರಗಳು ಮೂರೂ ಸೇರಿ ಕಲಸುಮೇಲೋಗರ.

ಅಲ್ಲಿ ಹಾರ್ಮನಿ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾದಾಗಲೆಲ್ಲ ಪೆಡಲ್ ಪೂರ್ತಿ ಬಿಟ್ಟು ಒತ್ತುವುದು ಸುಲಭ, ಸ್ಪಷ್ಟ. ಆದರೆ ಆ ಮಬ್ಬೇ ಮಾಯ. ಪೆಡಲ್ ಪೂರ್ತಿ ಬಿಡದ ಅರೆ ಪೆಡಲ್‌ನಲ್ಲಿ ಡ್ಯಾಂಪರ್ ತಂತಿಯನ್ನು ಸವರಿ ಏಳುತ್ತದೆ, ಹಿಂದಿನ ನಾದ ತುಸು ಉಳಿಯುತ್ತದೆ. ನನಗೆ ಹಿಡಿಸುವುದು ಇದೇ. ತೊಂದರೆಯೆಂದರೆ, ಪಿಯಾನೋ ಬದಲಾದರೆ ಪಾದ ಹೊಸ ಅಳತೆ ಕಲಿಯಬೇಕು. ಕೀಬೋರ್ಡ್‌ನ ಪೆಡಲ್ ಬರೀ ಆನ್-ಆಫ್ ಸ್ವಿಚ್ ಆಗಿದ್ದರಂತೂ ಅರೆ ಪೆಡಲ್ ಆಗುವುದೇ ಇಲ್ಲ; ಪೂರ್ತಿ ಬಿಟ್ಟು ಒತ್ತಿ.

ವೇಗದ ಮಾತು: ಬಾರ್‌ಗೆ ಎರಡೇ ಎಣಿಕೆ ಎಂದು ಗುರುತಿದೆ. ನಾಲ್ಕು ಎಣಿಸಿ ಎಳೆದರೆ ಫೋರ್ಟೆಪಿಯಾನೋದಲ್ಲಿ ಮೇಲಿನ ರಾಗ ನಡುವೆಯೇ ಆರಿಹೋಗುತ್ತದೆ. ಗ್ರ್ಯಾಂಡ್ ಆ ಎಳೆತವನ್ನು ತಾಳಿಕೊಳ್ಳುತ್ತದೆ. ಪ್ರತಿಧ್ವನಿ ಹೆಚ್ಚಿರುವ ಸಭಾಂಗಣದಲ್ಲಿ ಮಾತ್ರ ಪೆಡಲ್ ಇನ್ನಷ್ಟು ಬೇಗ ಬಿಟ್ಟು ಒತ್ತಬೇಕು.